ನಾಳಿ ಸಾಲಿಗೆ ಬರಬ್ಯಾಡ್ರಿ

ನಾಲ್ಕನೆಯ ತರಗತಿಯ ಲೋಹಿತನ ಮೊಣಕಾಲುಗಳು ಎರಡನೆಯ ತರಗತಿಯ ಬೆಂಚಿನೊಳಗೆ ಹಿಡಿಸಲೇ ಇಲ್ಲ. ಎಡಗಾಲು ತುರುಕಿದರೆ ಬಲಗಾಲು ಹೊರಗೆ ಬರುತ್ತಿತ್ತು. ಮುಖ್ಯೋಪಾಧ್ಯಾಯ ಹನುಮೇಶ ಸರ್ ಅವನ ತೊಡೆಗೊಂದು ಬಿಟ್ಟರು.

"ಮಡಚ್ಕೊಂಡು ಕೂಡು, ಲೇ. ಸಾಹೇಬ್ರು ಕೇಳಿದ್ರ ಎಷ್ಟನೇತ್ತಾ ಅಂತಿ?"

"ಎರಡನೇತ್ತಾರಿ."

"ವಯಸ್ಸು?"

"ಏಳ್ರಿ."

"ಮೀಸಿ ಬರೂತನಕಾ ಏಳ ಇರು, ಅಡ್ಡಿಯಿಲ್ಲ," ಎಂದು ಸರ್ ತಮ್ಮ ಮಾತಿಗೆ ತಾವೇ ನಕ್ಕರು.

ಕರಿಹಲಗೆಯ ಪಕ್ಕ ನಿಂತಿದ್ದ ಕರುಣಾ ನಗಲಿಲ್ಲ. ಎರಡನೆಯ ತರಗತಿ ಅವಳದು. ಜೂನ್‌ನಿಂದ ದಸರೆಯ ತನಕ ಮಕ್ಕಳು ಕನ್ನಡ, ಗಣಿತ, ಪರಿಸರದಲ್ಲಿ ಏನೇನು ಕಲಿತರೆಂದು ನೋಡಲು ಇವತ್ತು ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಇಪ್ಪತ್ಮೂರು ಮಕ್ಕಳಲ್ಲಿ ಹನ್ನೆರಡು ಮಂದಿ ಇನ್ನೂ ಹಿಂದಿದ್ದರು. ಅವರಿಗೆಂದೇ ದಿನಾ ಬೆಳಿಗ್ಗೆ ಒಂದು ತಾಸು ಬೇರೆ ಪಾಠ ನಡೆಯುತ್ತಿತ್ತು. ನಿನ್ನೆ ಹನುಮೇಶ ಸರ್ ತರಗತಿಗೆ ಬಂದು, ಆ ಹನ್ನೆರಡು ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, "ನಾಳಿ ನೀವು ಸಾಲಿಗೆ ಬರಬ್ಯಾಡ್ರಿ" ಎಂದಿದ್ದರು. ಅವರ ಜಾಗಕ್ಕೆ ನಾಲ್ಕನೆಯ ತರಗತಿಯಿಂದ ಹನ್ನೆರಡು ಜಾಣರನ್ನು ಆರಿಸಿದ್ದರು.

"ಎಲ್ಲಾರೂ ಕಲಿತಾರ ಅಂತ ಸಾಹೇಬ್ರು ಬರದ್ರಂದ್ರ ಆ ಬೆಳಗಿನ ತಾಸಿನ ಕಾಟಾನ ತಪ್ಪತೈತಿ ನೋಡ್ರಿ ಟೀಚರ್. ನಿಮಗೂ ಆರಾಮ," ಎಂದೂ ಹೇಳಿದ್ದರು.

ಆ ತಾಸು ಹೋದರೆ ಹನ್ನೆರಡು ಮಕ್ಕಳೂ ಹೋದಂತೆಯೇ ಎಂದು ಕರುಣಾಗೆ ಗೊತ್ತಿತ್ತು. ಆದರೆ ಅವಳು ಸ್ಟಾಫ್ ರೂಮಿನಲ್ಲಿ ಚಹಾ ಬೇಕೋ ಬೇಡವೋ ಎಂಬುದನ್ನೂ ತಲೆಯಾಡಿಸಿ ಹೇಳುವ ಹುಡುಗಿ. ಸಿಟ್ಟು ಬಾರದ್ದಲ್ಲ. ಬಂದದ್ದು ಗಂಟಲ ತನಕ ಏರಿ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿತ್ತು. ನಿನ್ನೆಯೂ ಹಾಗೇ ಆಯಿತು. ಸಾಹೇಬರಿಗೆ ತೋರಿಸಲು ಸರ್ ಬರೆದಿದ್ದ ಇವತ್ತಿನ ಮಕ್ಕಳ ಪಟ್ಟಿಯ ಕೆಳಗೆ ಸಹಿ ಹಾಕಿದಳು. ಪೆನ್ನು ಒತ್ತಿ ಕಾಗದ ಹರಿಯಿತು, ಅವಳ ಜಗಳ ಅಷ್ಟಕ್ಕೇ ಮುಗಿಯಿತು.

ಬಾಗಿಲಲ್ಲಿ ಬಿಸಿಯೂಟದ ರಸೂಲಬಿ ಸೆರಗಿಗೆ ಕೈ ಒರೆಸುತ್ತ ನಿಂತಳು. "ಅಕ್ಕೋರ, ಬರಬ್ಯಾಡ ಅಂದ್ರೂ ನಿಮ್ಮ ನೀಲಾ ಬಂದಾಳ್ರಿ. ಅವರವ್ವ ಮನಿಗೆ ಕೀಲಿ ಹಾಕ್ಕೊಂಡು ದೇಶಪಾಂಡೆ ನಗರಕ್ಕ ಕೆಲಸಕ್ಕ ಹೋಗ್ಯಾಳಂತ. ಹುಡುಗಿ ಎಲ್ಲಿಗೆ ಹೋಗಬೇಕ್ರಿ? ಹೆಡ್ ಸರ್ ನನಗ, ಅಕ್ಕಿ ಚೀಲದ ಹಿಂದ ಬಚ್ಚಿಡು ಅಂದ್ರು. ಮಕ್ಕಳನ್ನ ಬಚ್ಚಿಡೂದು ನನ್ನ ನೌಕರಿಯೊಳಗ ಬರಂಗಿಲ್ರಿ ಅಂದೆ. ಕೇಳ್ತಾರೇನು?"

ಕರುಣಾ ಅಡಿಗೆಮನೆಗೆ ಓಡಿದಳು. ಚೀಲದ ಹಿಂದೆ ನೀಲಾ ಪಾಟಿಚೀಲ ಅವಚಿಕೊಂಡು ಕೂತಿದ್ದಳು.

"ಅಕ್ಕೋರ, ನಾ ಏನು ತಪ್ಪು ಮಾಡೇನ್ರಿ?"

ಉತ್ತರ ಹೇಳುವಷ್ಟರಲ್ಲಿ ಹೊರಗೆ ಜೀಪು ಬಂದು ನಿಂತಿತು.

ಸಾಹೇಬರು ಅವಸರದಲ್ಲಿದ್ದರು. ಮೊಬೈಲು ಕೈಯಲ್ಲಿ ಹಿಡಿದೇ ಲೋಹಿತನನ್ನು ಎಬ್ಬಿಸಿದರು.

"ಹನ್ನೆರಡೊಂಬತ್ಲೆ?"

"ನೂರಾ ಎಂಟ್ರಿ."

"ಭಲೇ! ನಿಮ್ಮ ಮನಿಗೆ ನೀರು ಎಲ್ಲಿಂದ ಬರತೈತಿ?"

"ಮಲಪ್ರಭಾ ನದಿಯಿಂದ. ಮಲಪ್ರಭೆಯು ಕೃಷ್ಣಾ ನದಿಯ ಉಪನದಿಯಾಗಿದೆ," ಎಂದು ಲೋಹಿತ ಒಂದೇ ಉಸಿರಿಗೆ ಒಪ್ಪಿಸಿದ.

"ಎರಡನೇತ್ತಾದಾಗ ಇಷ್ಟು! ಎಲ್ಲಾ ವಿಷಯದಾಗೂ ಕಲಿತಾರ. ಬೆಳಗಿನ ತಾಸು ಇನ್ನ ಬ್ಯಾಡ ಅಂತ ಹಾಕ್ತೇನಿ. ಹೌದಲ್ರೀ ಟೀಚರ್?"

ಕರುಣಾ ತಲೆಯಾಡಿಸಿದರೆ ಸಾಕಿತ್ತು. ಅವಳ ಜೀವಮಾನದ ಅಭ್ಯಾಸವೇ ಅದು. ಆದರೆ ಗಂಟಲಲ್ಲಿ ಕೂತದ್ದು ಇವತ್ತು ಎದ್ದು ನಿಂತಿತು.

"ಅಲ್ರಿ."

ಹನುಮೇಶ ಸರ್ ಹಲ್ಲು ಕಿರಿದರು. "ಟೀಚರ್‌ಗೆ ಸ್ವಲ್ಪ ಅಂಜಿಕಿ, ಸರ್. ಹೊಸಾಬ್ರು."

"ಅಂಜಿಕಿ ಅಲ್ರಿ, ಸಿಟ್ಟು," ಎಂದಳು ಕರುಣಾ. ತನ್ನ ದನಿ ಇಷ್ಟು ಕರ್ಕಶವೆಂದು ಅವಳಿಗೇ ಗೊತ್ತಿರಲಿಲ್ಲ. "ಈ ಹುಡುಗ ನಾಲ್ಕನೇತ್ತಾದಾವ. ಇಲ್ಲಿ ಹನ್ನೆರಡು ಮಂದಿ ನಾಲ್ಕನೇತ್ತಾದಾವ್ರು. ನನ್ನ ಹನ್ನೊಂದು ಮಕ್ಕಳು ಮನ್ಯಾಗದಾವ. ಒಂದು ಅಕ್ಕಿ ಚೀಲದ ಹಿಂದೈತಿ, ತರ್ತೇನಿ ತಡೀರಿ."

ನೀಲಾಳನ್ನು ಕೈಹಿಡಿದು ತಂದು ನಿಲ್ಲಿಸಿದಳು. ಹುಡುಗಿಯ ಲಂಗಕ್ಕೆ ಅಕ್ಕಿಯ ಧೂಳು ಮೆತ್ತಿತ್ತು. ಸಾಹೇಬರು ಹನುಮೇಶ ಸರ್ ಕಡೆಗೊಮ್ಮೆ ನೋಡಿ, ಅದೇ ನೀರಿನ ಪ್ರಶ್ನೆ ಕೇಳಿದರು.

"ನಳದಾಗ್ರಿ. ಎಂಟು ದಿನಕ್ಕೊಮ್ಮೆ. ಹೋದ ಬುಧವಾರ ಬಂದಿತ್ತು, ನಾಳಿ ಗುರುವಾರ ಬರಬೇಕ್ರಿ. ಬರಲಿಲ್ಲಂದ್ರ ನಮ್ಮವ್ವ ಬೈತಾಳ."

"ಯಾರಿಗೆ?"

"ಎಲ್ಲಾರಿಗೂ ರಿ."

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ಪುಸ್ತಕ ತೆರೆದು ಒಂದು ಸಾಲು ತೋರಿಸಿದರು. ಜೂನ್‌ನಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನೇ ಗುರುತಿಸದಿದ್ದ ಹುಡುಗಿ ಅಕ್ಷರದ ಕೆಳಗೆ ಬೆರಳಿಟ್ಟಳು. "ಅ... ಜ್ಜಿ. ಅಜ್ಜಿ. ಬೆಲ... ಬೆಲ..." ಬೆರಳು ನಿಂತಿತು. ಸಾಹೇಬರು ಗಡಿಯಾರ ನೋಡಿಕೊಂಡು ಪುಸ್ತಕ ಮುಚ್ಚಲು ಹೋದರು.

"ಮುಚ್ಚಬ್ಯಾಡ್ರಿ! ಆಕಿ ಓದಾಕತ್ತಾಳ!" ಎಂದು ಕರುಣಾ ಕೂಗಿದಳು.

ನೀಲಾ ಬೆರಳನ್ನು ಹಿಂದಕ್ಕೆ ತಂದು ಮತ್ತೆ ಮೊದಲಿನಿಂದ ಹಿಡಿದಳು. "ಅಜ್ಜಿ ಬೆ... ಬೆಲ್ಲ. ಅಜ್ಜಿ ಬೆಲ್ಲ ತಂದಳು." ಬೆರಳು ಸಾಲಿನ ತುದಿ ಮುಟ್ಟಿತು.

ಸಾಹೇಬರು ಮೊಬೈಲಿನಲ್ಲಿ ಹಾಕಿದ್ದನ್ನು ಅಳಿಸಿ, ಮೇಜಿನ ಮೇಲಿನ ಮಕ್ಕಳ ಪಟ್ಟಿ ಎತ್ತಿಕೊಂಡರು. "ಬೆಳಗಿನ ತಾಸು ನಡೀಲಿ. ಈ ಪಟ್ಟಿ ಕೆಳಗಿನ ಸಹಿ ಯಾರ್ದು?"

"ಹೆಡ್ ಸರ್‌ದು. ನಂದೂ ಐತ್ರಿ."

"ಹಂಗಾದ್ರ ನೋಟಿಸೂ ಇಬ್ಬರಿಗೂ ಬರತೈತಿ."

ಜೀಪು ಹೋದ ಮೇಲೆ ಹನುಮೇಶ ಸರ್ ಕುದಿಯುತ್ತ ಬಂದರು. "ಸಾಲಿ ಹೆಸರು ಮಣ್ಣಾಗ ಹಾಕಿದ್ರಿ. ಬಾಯಿ ಇಲ್ದಾವ್ರಂತ ತಿಳಿದಿದ್ದೆ ನಿಮ್ಮನ್ನ."

ನಿನ್ನೆ ಆ ಬಾಯಿ ತೆರೆದಿದ್ದರೆ ಈ ಬೆಂಚುಗಳಲ್ಲಿ ಆ ಹನ್ನೊಂದು ಮಕ್ಕಳಿರುತ್ತಿದ್ದರು. ಹನುಮೇಶ ಸರ್ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನದೇ ಹೆಚ್ಚು ಉರಿಯುತ್ತಿತ್ತು. ಕರುಣಾ ನಾಲ್ಕನೆಯ ತರಗತಿಯವರನ್ನು ಅವರ ಕೋಣೆಗೆ ಕಳಿಸಿದಳು. ಊಟದ ಗಂಟೆ ಹೊಡೆದದ್ದೇ, ನೀಲಾಳನ್ನು ಮುಂದೆ ಬಿಟ್ಟುಕೊಂಡು ಉಳಿದ ಮಕ್ಕಳನ್ನು ಕರೆತರಲು ಬೈಪಾಸಿನ ಪಕ್ಕದ ಓಣಿಗೆ ನಡೆದಳು.

ಮೊದಲನೆಯ ಮನೆ ಮುತ್ತವ್ವನದು. ಅವಳ ಮಗ ಪ್ರಬುದ್ಧನೂ ಆ ಹನ್ನೊಂದರಲ್ಲಿ ಒಬ್ಬ. ಮುತ್ತವ್ವ ಹೊಸ್ತಿಲು ಬಿಟ್ಟು ಸರಿಯಲಿಲ್ಲ.

"ಬರಬ್ಯಾಡ ಅನ್ನಾವ್ರೂ ನೀವ, ಬಾ ಅನ್ನಾವ್ರೂ ನೀವ? ನನ್ನ ಮಗ ಸಂತಿ ಕುರಿ ಏನ್ರಿ, ಬೇಕಾದಾಗ ಹಿಡಿಯಾಕ, ಬ್ಯಾಡಾದಾಗ ಅಟ್ಟಾಕ? ನಿನ್ನಿಯಿಂದ ಮಾತಾಡಿಲ್ಲ ನೋಡ್ರಿ ಅವ. ನಾ ದಡ್ಡ ಅಂತ ಒಂದ ಮಾತು. ಏಳು ವರ್ಷದ ಕೂಸು! ಅವರು ಅಂದಾಗ ನೀವೂ ಅಲ್ಲೇ ಇದ್ರಂತಲ್ಲ? ಬಾಯಾಗ ಏನ್ ಇಟಗೊಂಡಿದ್ರಿ?"

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಮುತ್ತವ್ವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಕರುಣಾ ಎಲ್ಲವನ್ನೂ ನಿಂತು ಕೇಳಿದಳು. ತಲೆ ತಗ್ಗಿಸಲಿಲ್ಲ, ತಲೆಯಾಡಿಸಲೂ ಇಲ್ಲ.

"ಖರೇ ಐತಿ. ಬೈರಿ. ಇನ್ನೂ ಬೈಯೂದಿದ್ರ ಸಂಜಿಗೆ ಬಂದು ನಿಂದರ್ತೇನಿ. ಆದ್ರ ಈಗ ಅವನ್ನ ಕಳಸ್ರಿ."