ಬೀರೂರಿನಲ್ಲಿ ತಿಂದದ್ದು

ಪೊಲೀಸ್ ಗಾಡಿಯಲ್ಲಿ ಒಬ್ಬ ಹೆಂಗಸು ಕೂತಿದ್ದರೆ ಕಡೂರಿನ ಜನ ಕೇಳುವುದು ಒಂದೇ ಪ್ರಶ್ನೆ, ಏನು ಮಾಡಿದಳಂತೆ. ಬಸ್ ನಿಲ್ದಾಣದ ಮುಂದೆ ನಮ್ಮ ಗಾಡಿ ನಿಂತಾಗ ಪರಿಚಯದ ಹೂವಿನವಳು ನನ್ನನ್ನು ಕಂಡು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸಂಜೆಯೊಳಗೆ ಸುಮನಾ ಅರೆಸ್ಟ್ ಆದಳಂತೆ ಎಂದು ಊರೆಲ್ಲ ಗುಲ್ಲಾಗುವುದು ಖಂಡಿತ ಎಂದುಕೊಂಡೆ. ನಾನು ಇಲ್ಲಿನ ಒಂದು ಪುಟ್ಟ ಪತ್ರಿಕೆಯ ವರದಿಗಾರ್ತಿ. ಪೊಲೀಸರ ಜೊತೆ ಒಂದು ದಿನ ಇದ್ದು ಬರೆಯಿರಿ ಎಂದು ಸಂಪಾದಕರು ಅಟ್ಟಿದ್ದರು. ಪೊಲೀಸರೆಂದರೆ ನನಗೆ ಅಷ್ಟಕ್ಕಷ್ಟೇ, ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿಲ್ಲ.

ಗಸ್ತಿನ ಗಾಡಿಯ ಅಧಿಕಾರಿ ಎಎಸ್‌ಐ ಸಿದ್ದಲಿಂಗೇಶ್. ನಿವೃತ್ತಿಗೆ ಹತ್ತಿರವಾದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ಯಾರನ್ನೂ ಗದರದ ಮನುಷ್ಯ. ಬೆಳಗಿನಿಂದ ಒಂದು ಬೇಲಿ ಜಗಳ ಬಿಡಿಸಿದ್ದರು, ರಸ್ತೆಗೆ ಅಡ್ಡ ನಿಂತ ಆಟೋಗಳನ್ನು ಸರಿಸಿದ್ದರು, ಅಷ್ಟೆ.

“ಬರ್ಕೊಳ್ಳೋಕೆ ಏನೂ ಸಿಗ್ತಿಲ್ಲ ಅಲ್ವಾ ಮೇಡಂ? ಸಿಗ್ದಿದ್ರೇ ಒಳ್ಳೇದು ಕಣ್ರೀ” ಎಂದು ನಕ್ಕರು.

ಅಷ್ಟರಲ್ಲಿ ತರೀಕೆರೆ ಠಾಣೆಯಿಂದ ಫೋನ್ ಬಂತು. ಹ್ಞೂಂ, ಹ್ಞೂಂ ಎನ್ನುತ್ತಾ ಕೇಳಿಸಿಕೊಂಡರು. ಫೋನ್ ಇಟ್ಟು, ಗಾಡಿ ಓಡಿಸುತ್ತಿದ್ದ ಓಂಕಾರೇಶನಿಗೆ ದೇವನೂರಿಗೆ ತಿರುಗಿಸಪ್ಪ ಎಂದರು. ಸುದೀಪ್ ಎಂಬ ದೇವನೂರಿನ ಹುಡುಗ, ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವನು, ಬೆಳಿಗ್ಗೆ ತರೀಕೆರೆ ಹತ್ತಿರ ಲಾರಿಗೆ ಸಿಕ್ಕಿ ಸ್ಥಳದಲ್ಲೇ ತೀರಿಕೊಂಡಿದ್ದ. ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಕರೆತರಬೇಕಿತ್ತು. ತರೀಕೆರೆ ನಮ್ಮ ಸರಹದ್ದಲ್ಲ. ಸಿದ್ದಲಿಂಗೇಶ್ ಮೇಲಿನವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದುಕೊಂಡರು.

ಸುದೀಪನ ಹೆಂಡತಿ ನಯನ ಜಗಲಿಯ ಮೇಲೆ ಕೂತು ಸುಟ್ಟುಹೋದ ಮೋಟರೊಂದರಿಂದ ತಾಮ್ರದ ತಂತಿ ಬಿಡಿಸುತ್ತಿದ್ದಳು. ಪೊಲೀಸರನ್ನು ಕಂಡು ಕೈ ಒರೆಸಿಕೊಳ್ಳುತ್ತಾ ಎದ್ದಳು.

“ಸುದೀಪ್‌ಗೆ ಸಣ್ಣ ಆಕ್ಸಿಡೆಂಟ್ ಆಗೈತಮ್ಮ. ಕಾಲಿಗೆ ಪೆಟ್ಟು ಬಿದ್ದೈತೆ. ನಡೀರಿ, ಆಸ್ಪತ್ರೆಗೆ ಬಿಡ್ತೀವಿ” ಎಂದರು ಸಿದ್ದಲಿಂಗೇಶ್.

ನಾನು ಅವರ ಮುಖ ನೋಡಿದೆ. ರೆಪ್ಪೆ ಕೂಡ ಅಲುಗಲಿಲ್ಲ.

ಒಳಗಿನಿಂದ ಅತ್ತೆ ಹುಚ್ಚಮ್ಮ ಗೋಡೆ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಯಿಂದ ಪಾದ ಊದಿಕೊಂಡಿತ್ತು. ತಾನೂ ಬರುತ್ತೇನೆಂದು ಹಟ ಹಿಡಿದರು. ಸಿದ್ದಲಿಂಗೇಶ್ ಅವರನ್ನು ರಮಿಸಿ ಕೂರಿಸಿದರು. ಪಕ್ಕದ ಮನೆಯವರನ್ನು ಹಿತ್ತಲಿಗೆ ಕರೆದು ನಿಜ ಹೇಳಿ, ಸಂಜೆಯವರೆಗೆ ಅಜ್ಜಿಯ ಕಿವಿಗೆ ಬೀಳದಂತೆ ನೋಡಿಕೊಳ್ಳಲು ಒಪ್ಪಿಸಿದರು. ನಯನ ಒಂದು ಚೀಲದಲ್ಲಿ ಗಂಡನ ಲುಂಗಿ, ಟವೆಲ್, ಫ್ಲಾಸ್ಕ್ ತುಂಬಿಕೊಂಡು ಗಾಡಿ ಹತ್ತಿದಳು.

“ಫೋನ್ ನನ್ ಹತ್ರ ಕೊಟ್ಟಿರಮ್ಮ. ಡಾಕ್ಟ್ರು ಮಾಡಿದ್ರೆ ನಾನೇ ಮಾತಾಡ್ತೀನಿ” ಎಂದು ಅವಳ ಫೋನನ್ನೂ ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಅವಳು ಸಲೀಸಾಗಿ ಕೊಟ್ಟಳು. ಪೊಲೀಸರನ್ನು ಅಷ್ಟು ನಂಬಿದವರನ್ನು ನಾನು ಅದೇ ಮೊದಲು ಕಂಡದ್ದು, ನನಗೆ ಮೈ ಉರಿಯಿತು.

ನಾನು ಪೇಪರಿನವಳೆಂದು ಕೇಳಿ ತಿಳಿದುಕೊಂಡು ದಾರಿಯುದ್ದಕ್ಕೂ ಅವಳು ನನ್ನೊಂದಿಗೆ ಮಾತಾಡಿದಳು. ಕಾಲು ಮುರಿದಿದ್ದರೆ ಮೂರು ತಿಂಗಳಾದರೂ ಮನೆಯಲ್ಲಿ ಕೂರಬೇಕಾಗುತ್ತದೆ, ಕೂರಲಿ, ಆ ನೆಪದಲ್ಲಾದರೂ ಅಮ್ಮನ ಹತ್ತಿರ ಎರಡು ಮಾತಾಡುತ್ತಾನೆ. ತಂತಿ ಸುತ್ತುವುದನ್ನು ಅವಳೂ ಕಲಿತಿದ್ದಾಳೆ, ಹೇಗೋ ನಡೆಯುತ್ತದೆ. ನಾನು ಹೌದು, ಹೌದು ಎನ್ನುತ್ತಾ ಕಿಟಕಿಯಾಚೆ ತೆಂಗಿನ ತೋಟಗಳನ್ನೇ ನೋಡಿಕೊಂಡು ಕೂತಿದ್ದೆ.

ಬೀರೂರು ಬಂದಾಗ ಸಿದ್ದಲಿಂಗೇಶ್ ಒಂದು ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿದರು.

“ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ಯೇನಮ್ಮ?”

“ಇಲ್ಲ ಸಾರ್. ಅವರು ಬರ್ಲಿ ಅಂತಿದ್ದೆ.”

“ಆಸ್ಪತ್ರೆ ಅಂದ್ರೆ ಓಡಾಟ ಜಾಸ್ತಿ. ಮೊದ್ಲು ತಿನ್ನು.”

ಅವಳು ಕೈ ತೊಳೆಯಲು ಹೋದಾಗ ನಾನು ಅವರನ್ನು ತಡೆದೆ. “ಇದು ಅನ್ಯಾಯ ಕಣ್ರೀ. ಗಂಡ ಸತ್ತಿರೋಳಿಗೆ ಇಡ್ಲಿ ತಿನ್ನಿಸ್ತೀರಾ? ನಮ್ಮ ಕಡೆ ಹೆಣ ಎತ್ತೋ ತನಕ ಮನೆಯೋರು ಯಾರಾದ್ರೂ ಬಾಯಿಗೆ ಏನಾದ್ರೂ ಹಾಕ್ತಾರಾ?”

“ಹಾಕಲ್ಲ ಮೇಡಂ. ಅದಕ್ಕೇ ಈಗ ತಿನ್ನಿಸ್ತಿರೋದು” ಎಂದರು. ದನಿ ಏರಲಿಲ್ಲ. “ಪೋಸ್ಟ್‌ಮಾರ್ಟಂ ಮುಗಿಯೋದು ಸಂಜೆ. ಊರಿಗೆ ಹೋಗಿ ಮಣ್ಣು ಮಾಡೋ ಹೊತ್ಗೆ ನಾಳೆ. ಅಲ್ಲೀಗಂಟ ನೀರೂ ಮುಟ್ಟಲ್ಲ. ಶವಾಗಾರದ ಬಾಗ್ಲಲ್ಲಿ ಹಸ್ಕೊಂಡು ಬಿದ್ದು ತಲೆ ಒಡ್ಕೊಂಡೋರನ್ನ ನಾನು ಎತ್ತಿದೀನಿ. ಆಗ್ಲಿಂದ ಯಾರನ್ನ ಕರ್ಕೊಂಡು ಹೋದ್ರೂ ಮೊದ್ಲು ತಿನ್ನಿಸ್ತೀನಿ, ಆಮೇಲೆ ಹೇಳ್ತೀನಿ. ತಪ್ಪಾದ್ರೆ ನೀವು ಪೇಪರಲ್ಲಿ ಬರೀರಿ.”

ಒಳಗೆ ಹೋಗಿ ನಯನಳ ಎದುರು ಕೂತೆ.

ಮೊದಲ ತುತ್ತು ಹಿಂಜರಿಯುತ್ತಲೇ ತಿಂದಳು. ಆಮೇಲೆ ಹಸಿವು ಮುಂದಾಯಿತು. ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡಳು. ಕಾಲಿಗೆ ಪೆಟ್ಟಷ್ಟೇ ಎಂಬ ಧೈರ್ಯ ಅವಳ ಮುಖದಲ್ಲಿ ಕಾಣುತ್ತಿತ್ತು. ಏಳುವ ಮುಂಚೆ ಸಿದ್ದಲಿಂಗೇಶರನ್ನು ಕೇಳಿದಳು: “ಸಾರ್, ಅವರಿಗೂ ಒಂದು ಪಾರ್ಸಲ್ ಕಟ್ಟಿಸ್ಕೊಳ್ಲಾ? ಡಾಕ್ಟ್ರು ಬೇಡ ಅನ್ನಲ್ಲ ತಾನೆ?”

ಅವರು ಬೇರೆ ಕಡೆ ನೋಡುತ್ತಾ ತಲೆಯಾಡಿಸಿದರು. ಬಿಸಿ ಪೊಟ್ಟಣವನ್ನು ಅವಳು ಮಡಿಲಲ್ಲಿಟ್ಟುಕೊಂಡು ಕೂತಳು.

ಆಸ್ಪತ್ರೆ ತಲುಪುವ ಮೊದಲು ಒಂದು ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ನಿಜ ಹೇಳುವುದು ಅವರ ಕ್ರಮವಂತೆ. ನಿಲ್ಲಿಸಿದರು ಕೂಡ. ಇಳಿದು ಹಿಂದಿನ ಬಾಗಿಲಿಗೆ ಬಂದರು, ಅವಳ ಮಡಿಲಿನ ಪೊಟ್ಟಣ ನೋಡಿದರು, ಮತ್ತೆ ಮುಂದೆ ಹತ್ತಿದರು. ಇಷ್ಟು ವರ್ಷ ಹೇಳಿಕೊಂಡು ಬಂದವರಿಗೆ ಅಂದು ಬಾಯಿ ಬರಲಿಲ್ಲ. ನಾನಾದರೂ ಹೇಳಬಹುದಿತ್ತು, ನನಗೂ ಧೈರ್ಯ ಸಾಲಲಿಲ್ಲ.

ಸುದ್ದಿ ನಮಗಿಂತ ಮುಂಚೆ ನಯನಳ ತವರು ಶಿವನಿಯನ್ನು ಮುಟ್ಟಿತ್ತು. ಅವಳ ಅಪ್ಪ ಗಿಡ್ಡಪ್ಪ ಅಲ್ಲಿಂದ ಯಾರದೋ ಬೈಕ್ ಹತ್ತಿ ಬಂದು ಆಸ್ಪತ್ರೆಯ ಗೇಟಿನಲ್ಲೇ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಗಳು ಇಳಿದದ್ದನ್ನು ಕಂಡು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತರು.

“ಹೋಗ್ಬಿಟ್ಟ ಕಣವ್ವಾ. ಬೆಳಿಗ್ಗೇನೇ ಹೋಗ್ಬಿಟ್ಟ.”

ನಯನ ಅಳಲಿಲ್ಲ. ಅಪ್ಪನನ್ನು ನೋಡಿದಳು, ಸಿದ್ದಲಿಂಗೇಶರನ್ನು ನೋಡಿದಳು. ಪೊಟ್ಟಣ ಅವಳ ಕೈಯಿಂದ ಬಿತ್ತು. ನೇರವಾಗಿ ಕಾಂಪೌಂಡಿನ ಪಕ್ಕದ ಚರಂಡಿಗೆ ಹೋಗಿ ಬಗ್ಗಿ ಗಂಟಲಿಗೆ ಬೆರಳು ಹಾಕಿದಳು. ತಿಂದದ್ದೆಲ್ಲ ಬಂದ ಮೇಲೂ ಬೆರಳು ತೆಗೆಯಲಿಲ್ಲ. ನಾನು ಬೆನ್ನು ಹಿಡಿಯಲು ಹೋದರೆ ಕೈ ತಳ್ಳಿದಳು. ಸಿದ್ದಲಿಂಗೇಶ್ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು.

“ಬೆಳಿಗ್ಗೇನೇ ಗೊತ್ತಿತ್ತಾ ಸಾರ್ ನಿಮ್ಗೆ?”

“ಗೊತ್ತಿತ್ತಮ್ಮ.”

“ಅವರು ಇಲ್ಲಿ ಹೆಣ ಆಗಿ ಬಿದ್ದಿದ್ರೆ ನಾನು ಎರಡನೇ ಸಲ ಚಟ್ನಿ ಹಾಕಿಸ್ಕೊಂಡೆ. ಹಾಕಿಸ್ಕೊಳ್ಳೋವಾಗ ನೋಡ್ತಾ ಕೂತಿದ್ರಲ್ಲ ನೀವಿಬ್ರೂ.” ನನ್ನ ಕಡೆ ತಿರುಗಿದಳು. “ಪೇಪರಿನೋರಲ್ವಾ ನೀವು? ಬರ್ಕೊಳ್ಳಿ.”

“ತಪ್ಪಾಯ್ತಮ್ಮ” ಎಂದರು ಸಿದ್ದಲಿಂಗೇಶ್. ಆ ವಯಸ್ಸಿನ ಪೊಲೀಸ್ ಅಧಿಕಾರಿ ಎಲ್ಲರೆದುರು ಕೈ ಮುಗಿದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಇಬ್ಬರನ್ನೂ ನೋಡಿ ಅಳು ಬಂತು.

ಶವಾಗಾರದ ಒಳಗೆ ಹೋಗಿ ಗಂಡನ ಮುಖ ನೋಡಿ ಹೊರಗೆ ಬಂದಾಗಲೂ ಅವಳ ಕಣ್ಣು ಒಣಗಿಯೇ ಇತ್ತು. ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತಳು. ಮಧ್ಯಾಹ್ನ ಇಳಿಯುತ್ತಿತ್ತು. ಸಿದ್ದಲಿಂಗೇಶರ ಜೇಬಿನಲ್ಲಿ ಅವಳ ಫೋನ್ ಅದುರಿತು. ತೆಗೆದು ನೋಡಿ, ಈ ಸಲ ತಾವು ಮಾತಾಡದೆ, ಅವಳಿಗೇ ಕೊಟ್ಟರು. ಹುಚ್ಚಮ್ಮನ ಗಟ್ಟಿ ದನಿ ನಮಗೆಲ್ಲ ಕೇಳುತ್ತಿತ್ತು.

“ಎಂಗವ್ನೆ ಕಣೇ ನನ್ ಮಗ? ನಂಗೆ ಬೆಳಿಗ್ಗೆಯಿಂದ ಒಂದ್ ತುತ್ತು ಇಳೀಲಿಲ್ಲ. ಕಣ್ಣು ಕತ್ತಲೆ ಬತ್ತೈತೆ.”

ನಯನ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಗಿಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಅವಳು ಅಪ್ಪನ ತೊಡೆಯ ಮೇಲೆ ಕೈ ಒತ್ತಿ ತಡೆದಳು.

“ಮಲಗವ್ರೆ ಅತ್ತೆ. ಡಾಕ್ಟ್ರು ನೋಡ್ತಾವ್ರೆ. ನೀವು ಮೊದ್ಲು ಉಂಡು ಮಾತ್ರೆ ತಗೊಳ್ಳಿ.”

“ಉಣ್ತೀನಿ ಬಿಡು. ನೀನು?”

“ನಂದು ಆಯ್ತು ಅತ್ತೆ. ಬೀರೂರಲ್ಲಿ ತಿಂದೆ.”

ಫೋನ್ ಕೆಳಗಿಟ್ಟಳು. ಆಮೇಲೆ ಅತ್ತಳು.