ನೋಂದಣಿ ಕಚೇರಿಯ ಮುಂದೆ ಅನ್ಸೆಲ್ಮೊ

"ಇವು ಯಾರ ಕೈ?" ಎಂದು ಒಫೇಲ್ಯಾ ಶವ ಸಿಂಗರಿಸುವವಳನ್ನು ಗದರಿದಳು.

ಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ ಅನ್ಸೆಲ್ಮೊನ ಕೈಯನ್ನು ಅವಳು ಮಗುಚಿ ಮಗುಚಿ ನೋಡುತ್ತಿದ್ದಳು. ಮದುವೆಯಾದಾಗಿನಿಂದ ಉಗುರಿನ ಸಂದಿಯಲ್ಲಿ ಕೂತಿದ್ದ ಸಿಮೆಂಟನ್ನು ಕೆರೆದು ತೆಗೆದು, ಮೇಲೆ ಅದೇನೋ ಎಣ್ಣೆ ಸವರಿ, ಬ್ಯಾಂಕಿನ ಮ್ಯಾನೇಜರನ ಕೈ ಮಾಡಿಬಿಟ್ಟಿದ್ದರು.

"ಚೆನ್ನಾಗಿ ಕಾಣ್ಲಿ ಅಂತ, ಸೆನ್ಯೋರಾ..."

"ಚೆನ್ನಾಗೇ ಇದ್ವು."

ಹಿಂದೆ ನಿಂತಿದ್ದ ಮಗಳು ನೊಯೆಮಿ ಅಮ್ಮನ ತೋಳು ಹಿಡಿದಳು. "ಅಮ್ಮಾ, ಕಾಗದ ಚೀಲದಲ್ಲೇ ಇದೆ. ಇವತ್ತೇ ಕೊನೇ ದಿನ. ಪೂಜೆ ಶುರುವಾಗೋ ಮುಂಚೆ ಓಡ್ಹೋಗಿ ಕೊಟ್ಬರ್ತೀನಿ."

"ಬೇಡ ಅಂದೆನಲ್ಲ! ಮಣ್ಣು ಮಾಡೋ ದಿನ ಕೊಂಪಾದ್ರೆ ಮೇಲೆ ಕಾಗದ ಹಾಕಿದ್ರು ಅಂತ ಊರೋರ ಬಾಯಿಗೆ ಬೀಳೋದು ಬೇಡ. ಸುಮ್ನಿರು."

ಕೊಂಪಾದ್ರೆ ಎಂದರೆ ರುತಿಲಿಯೊ. ನೊಯೆಮಿ ಕೂಸಾಗಿದ್ದಾಗ ಇಗರ್ಜಿಯಲ್ಲಿ ಅವಳ ತಲೆಗೆ ಜ್ಞಾನಸ್ನಾನದ ತೀರ್ಥ ಬಿದ್ದಿದ್ದು ಅವನ ತೋಳಿನ ಮೇಲೆಯೇ. ಅವರ ಊರಾದ ಸಾಂತಾ ರುಫೀನಾದಲ್ಲಿ ಆ ನಂಟು ಬೀಗತನಕ್ಕಿಂತ ಗಟ್ಟಿ. ಗಂಡಸನ್ನು ಕೊಂಪಾದ್ರೆ, ಹೆಂಗಸನ್ನು ಕೊಮಾದ್ರೆ ಎನ್ನಬೇಕೇ ಹೊರತು ಹೆಸರು ಹಿಡಿದು ಕರೆಯುವಂತಿಲ್ಲ, ಜಗಳವಾಡುವಂತಿಲ್ಲ, ಕಚೇರಿ ಮೆಟ್ಟಿಲು ಹತ್ತುವುದಂತೂ ದೂರದ ಮಾತು. ಅದೇ ಸಲಿಗೆಯಲ್ಲಿ ರುತಿಲಿಯೊ ತನ್ನ ಹೊಸ ಮದುವೆ ಹಾಲಿಗೆ ಅನ್ಸೆಲ್ಮೊನಿಂದ ಗಾರೆ ಕೆಲಸವನ್ನೆಲ್ಲ ಮಾಡಿಸಿಕೊಂಡು, ಕೂಲಿ ಕೇಳಿದಾಗಲೆಲ್ಲ ಬೆನ್ನು ತಟ್ಟಿ ಕಾಫಿ ಕುಡಿಸಿ ಕಳಿಸಿದ್ದ.

ಕೂಲಿ ಬಾರದಿದ್ದರೆ ಕೌಂಟಿಯ, ಅಂದರೆ ಜಿಲ್ಲೆಯ, ನೋಂದಣಿ ಕಚೇರಿಯಲ್ಲಿ ಆ ಕಟ್ಟಡದ ಮೇಲೆಯೇ ಬಾಕಿಯ ಭಾರ ಬರೆಸಬಹುದು. ಗಾರೆಯವರು ಅದನ್ನು ಲಿಯನ್ ಎನ್ನುತ್ತಾರೆ. ಅದು ಬಿತ್ತೆಂದರೆ, ಬಾಕಿ ತೀರಿಸದೆ ಕಟ್ಟಡ ಮಾರಲು ಹೊರಟವನು ಪಡಬಾರದ ಪಾಡು ಪಡಬೇಕು. ಆದರೆ ಗಡುವಿನೊಳಗೆ ಬರೆಸಬೇಕು, ತಪ್ಪಿದರೆ ಆ ಹಿಡಿತ ಕೈಬಿಟ್ಟ ಹಾಗೆಯೇ. ರುತಿಲಿಯೊ ಸೋಮವಾರ ಆ ಕಟ್ಟಡವನ್ನು ಮಾರಿ ಕೈತೊಳೆದುಕೊಳ್ಳಲಿದ್ದ. ಇಂದು ಶುಕ್ರವಾರ. ಕಚೇರಿ ನಾಲ್ಕಕ್ಕೆ ಬಾಗಿಲು ಹಾಕುತ್ತದೆ.

ಇಗರ್ಜಿಯ ಬಾಗಿಲಲ್ಲಿ ಜನವೋ ಜನ. ಅನ್ಸೆಲ್ಮೊನ ಗಾರೆ ಕಾಣದ ಗೋಡೆ ಊರಲ್ಲಿ ಕಡಿಮೆ, ಹಾಗಾಗಿ ಗೋಡೆಗಳ ಒಡೆಯರೆಲ್ಲ ಬಂದಿದ್ದರು. ಬಟ್ಟೆ ಅಂಗಡಿಯ ಮುದುಕಿ ಒರ್ತೆನ್ಸಿಯಾ ಕೋಲೂರಿಕೊಂಡು ಬಂದು ಒಫೇಲ್ಯಾಳನ್ನು ಅಪ್ಪಿಕೊಂಡಳು.

"ನನ್ನ ಅಂಗಡಿ ಮೇಲೂ ಒಂದ್ಸಲ ಹಾಕಿದ್ದ ಕಣೇ ನಿನ್ನ ಗಂಡ, ಲಿಯನ್ನು. ಹಾಕಿ ಸುಮ್ನಿದ್ನಾ? ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು, ಸಿಹಿ ಬನ್ನಿನ ಡಬ್ಬಿ ಹಿಡ್ಕೊಂಡು ಮನೆಗೇ ಬಂದ. 'ದೋನ್ಯಾ, ನಿಮ್ಮ ಅಂಗಡೀನ ಕಟ್ಟಿಹಾಕಿ ಬಂದಿದೀನಿ, ಪೋಸ್ಟಲ್ಲಿ ಗೊತ್ತಾಗಿ ಎದೆ ಒಡ್ಕೊಳ್ಳೋದು ಬೇಡ ಅಂತ ನಾನೇ ಹೇಳೋಕೆ ಬಂದೆ' ಅಂದ."

"ನೀವೇನಂದ್ರಿ?"

"ಅವನ ಏಳು ತಲೆಮಾರು ಸೇರಿಸಿ ಬೈದೆ. ಬನ್ನು ತಿಂದೆ. ಹದಿನೈದು ದಿನಕ್ಕೆ ದುಡ್ಡು ಕೊಟ್ಟೆ." ಮುದುಕಿ ಕಣ್ಣೊರೆಸಿಕೊಂಡಳು. "ಆಮೇಲೆ ಅವನನ್ನು ಬಿಟ್ಟು ಬೇರೆಯವರ ಕೈಲಿ ಒಂದು ಬಿರುಕನ್ನೂ ಮುಚ್ಚಿಸ್ಲಿಲ್ಲ. ಅಂಥೋನ್ನ ಎಲ್ಲಿಂದ ತರೋಣ?"

ಒಫೇಲ್ಯಾಗೆ ಬೆಳಗಿನಿಂದ ಬಾರದ ಅಳು ಆಗ ಬಂತು.

*

ಆಸ್ಪತ್ರೆಯಲ್ಲಿ ಅವನು ಸಹಿ ಹಾಕಿದ ದಿನವೂ ಅವಳು ಬೇಡವೆಂದೇ ಹೇಳಿದ್ದಳು. ಅನ್ಸೆಲ್ಮೊ ದಿಂಬಿಗೊರಗಿ ಕೂತು, ಸೂಜಿ ಚುಚ್ಚಿದ್ದ ಕೈಯಲ್ಲೇ ಪೆನ್ನು ಹಿಡಿದಿದ್ದ. ಕಾಗದ ತುಂಬಿಸಿ ತಂದಿದ್ದವಳು ನೊಯೆಮಿ.

"ಕೊಂಪಾದ್ರೆ ಮೇಲೆ ಹಾಕ್ತೀಯಲ್ಲೋ, ನಿನಗೇನು ಬುದ್ಧಿ ಕೆಟ್ಟಿದ್ಯಾ? ಸಾಯೋ ಕಾಲಕ್ಕೆ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಹೇಳು ಹೇಳು, ಸಾಯೋ ಕಾಲವೇ," ಎಂದು ಅವನು ನಕ್ಕ. "ಒಫೇ, ನನ್ನ ಪಾಲನ್ನ ಬಿಟ್ಟುಬಿಡು ಅಂದ್ರೆ ಈಗ್ಲೇ ಬಿಟ್ಟೆ. ನೊಯೆಮಿನ ಎತ್ತಿಕೊಂಡ ಕೈ ಅದು. ಆದ್ರೆ ನನ್ನ ಕೈಕೆಳಗೆ ಗಾರೆ ಕೆಲಸ ಮಾಡಿದ ಚೂಯ್ ಮತ್ತೆ ಅವನ ಜೊತೆಯವರ ಪಾಲಿದೆಯಲ್ಲ, ಅದನ್ನ ಬಿಡೋಕೆ ನಾನ್ಯಾರು? ಬಿಸಿಲಲ್ಲಿ ಬೆಂದಿದ್ದು ಅವರ ಬೆನ್ನು."

ರುತಿಲಿಯೊ ಬರುತ್ತಾನೆಂದು ಅವನು ದಿನಾ ಬಾಗಿಲು ನೋಡುತ್ತಿದ್ದ. ಹಾಸಿಗೆಯ ಪಕ್ಕದಿಂದ ಏಳದೆ ಕೂತಿದ್ದ ಒಫೇಲ್ಯಾಗೆ ಅದು ಚೆನ್ನಾಗಿ ಗೊತ್ತು. ರುತಿಲಿಯೊ ಬರಲೇ ಇಲ್ಲ.

"ಅವನಿಗೆ ಪೋಸ್ಟಲ್ಲಿ ಒಂದು ಪ್ರತಿ ಕಳಿಸ್ಲೇಬೇಕು, ಕಾನೂನು. ಕಚೇರೀಲಿ ಹಾಕೋದು ಬಿಡೋದು ನಿನ್ನಿಷ್ಟ," ಎಂದ ಅನ್ಸೆಲ್ಮೊ. "ಹಾಕಿದ್ರೆ ಮಾತ್ರ ಮುಖಕ್ಕೆ ಹೇಳು. ಬೆನ್ನ ಹಿಂದೆ ಬೇಡ. ಹೇಳಿದ ಮೇಲೂ ಅವನು ನಮಗೆ ಕೊಂಪಾದ್ರೆನೇ, ತಿಳೀತಾ?"

ಸಾಯುವವನ ಮುಂದೆ ಏನನ್ನಾದರೂ ಒಪ್ಪಿಕೊಳ್ಳುವುದು ಸುಲಭ. ಅವಳು ತಲೆಯಾಡಿಸಿದ್ದಳು.

*

ಪೂಜೆ ಮುಗಿದ ಮೇಲೆ ರುತಿಲಿಯೊ ಮಾತಾಡಲು ಎದ್ದ. ಕಪ್ಪು ಸೂಟು, ಕೈಯಲ್ಲಿ ಕರವಸ್ತ್ರ. ಊರಲ್ಲೇ ದೊಡ್ಡ ಹೂಮಾಲೆ ತಂದವನೂ ಅವನೇ. ಇಬ್ಬರೂ ಒಂದೇ ಬಸ್ಸಿನಲ್ಲಿ ಗಡಿ ದಾಟಿ ಬಂದಿದ್ದು, ಒಂದೇ ಕಂಬಳಿಯಲ್ಲಿ ಮಲಗಿದ್ದು, ತನಗೆ ಜ್ವರ ಬಂದಾಗ ಅನ್ಸೆಲ್ಮೊ ತನ್ನ ಪಾಲಿನ ಕೆಲಸವನ್ನೂ ಮಾಡಿದ್ದು, ಹೀಗೆ ಒಂದೊಂದನ್ನೇ ಬಿಡಿಸಿ ಹೇಳಿದ. ಹೇಳುತ್ತಾ ಹೇಳುತ್ತಾ ಬಿಕ್ಕಿದ. ಜನವೂ ಅತ್ತರು. ಗಡಿಯಾರ ಮೂರು ದಾಟಿತು.

"ಪೋಸ್ಟಲ್ಲಿ ಪ್ರತಿ ಸಿಕ್ಕಿರ್ಬೇಕು, ನಾಲ್ಕು ದಾಟ್ಲಿ ಅಂತ ಬೇಕಂತಲೇ ಎಳೀತಿದಾರೆ," ಎಂದು ನೊಯೆಮಿ ಪಿಸುಗುಟ್ಟಿದಳು.

"ಅಳು ನಿಜ ಕಣೇ."

"ಅಳೂ ನಿಜ, ಎಳೆಯೋದೂ ನಿಜ."

ರುತಿಲಿಯೊ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಕೊನೇ ಸಲ ಆಸ್ಪತ್ರೇಲಿ ನೋಡ್ದಾಗ ನನ್ನ ಕೈ ಹಿಡ್ಕೊಂಡು ಏನಂದ ಗೊತ್ತಾ? 'ಕೊಂಪಾದ್ರೆ, ನಮ್ಮಿಬ್ಬರ ಮಧ್ಯೆ ಏನೂ ಬಾಕಿ ಇಲ್ಲ' ಅಂದ. ಎಂಥಾ ದೊಡ್ಡ ಮನಸ್ಸು!"

ಒಫೇಲ್ಯಾ ಕತ್ತು ತಿರುಗಿಸಿ ಹಿಂದೆ ನೋಡಿದಳು. ಕೊನೆಯ ಬೆಂಚಿನಲ್ಲಿ ಚೂಯ್ ಮತ್ತು ಅವನ ಜೊತೆಯವರು ಒಗೆದ ಬಟ್ಟೆಯಲ್ಲಿ, ತಲೆ ಬಾಚಿಕೊಂಡು ಕೂತಿದ್ದರು. ಆ ಮಾತು ಕೇಳಿ ಮೂವರೂ ತಲೆ ತಗ್ಗಿಸಿದರು. ದೋನ್ ಅನ್ಸೆಲ್ಮೊ ಹಾಗಂದಿದ್ದರೆ ಇನ್ನು ಯಾರನ್ನು ಕೇಳುವುದು ಎಂಬಂತೆ ಚೂಯ್ ತನ್ನ ಟೊಪ್ಪಿಯನ್ನು ಮೊಣಕಾಲ ಮೇಲೆ ಸುಮ್ಮನೆ ತಿರುಗಿಸುತ್ತಿದ್ದ.

ಒಫೇಲ್ಯಾಗೆ ಮೈಯೆಲ್ಲ ಉರಿಯಿತು. ತನ್ನ ಗಂಡ ಎದ್ದು ಬಂದು ಇಲ್ಲವೆನ್ನಲಾರ. ಆಡದ ಮಾತನ್ನು ಅವನ ಬಾಯಿಗೆ ತುರುಕಿ, ಅದರ ಮೇಲೆ ಹೂ ಬೇರೆ ಹಾಕಿದ್ದ ರುತಿಲಿಯೊ. ಅವಳು ಮಗಳ ಚೀಲಕ್ಕೆ ಕೈಹಾಕಿ ಕಾಗದ ತೆಗೆದುಕೊಂಡಳು.

ಹೊರಗೆ ಬಂದವಳೇ ಹೆಣದ ಗಾಡಿಯಲ್ಲಿ ಡ್ರೈವರನ ಪಕ್ಕ ಹತ್ತಿ ಕೂತಳು. "ಸ್ಮಶಾನಕ್ಕೆ ಹೋಗೋ ದಾರೀಲಿ ಕೌಂಟಿ ಕಚೇರಿ ಮುಂದೆ ನಿಲ್ಸಿ."

"ದಾರೀಲಿ ನಿಲ್ಸೋ ಹಾಗಿಲ್ಲ, ಸೆನ್ಯೋರಾ. ಹಿಂದೆ ಅಷ್ಟೂ ಗಾಡಿ ಬರ್ತಿವೆ."

"ಬರ್ಲಿ. ಹಿಂದೆ ಮಲಗಿದಾರಲ್ಲ, ಅವರಿಗೇನೂ ಅವಸರ ಇಲ್ಲ. ನನಗಿದೆ."

ಹೆಣದ ಗಾಡಿ ನೋಂದಣಿ ಕಚೇರಿಯ ಮುಂದೆ ನಿಂತಿತು. ಅದರ ಹಿಂದೆ ದೀಪ ಹಚ್ಚಿಕೊಂಡ ಕಾರುಗಳು, ಏಣಿ ಕಟ್ಟಿದ ಪಿಕಪ್ಪುಗಳು, ಸಿಮೆಂಟು ಮೆತ್ತಿದ ಟ್ರಕ್ಕುಗಳು ಬೀದಿಯುದ್ದಕ್ಕೂ ನಿಂತವು. ಏನಾಯಿತೋ ಎಂದು ಜನ ಕಿಟಕಿಯಿಂದ ಕತ್ತು ಚಾಚಿದರು. ವಿಷಯ ಗಾಡಿಯಿಂದ ಗಾಡಿಗೆ ಹೋಯಿತು. ಗೊತ್ತಾದ ಗಂಡಸರು ಒಬ್ಬೊಬ್ಬರಾಗಿ ಕೆಳಗಿಳಿದು, ಟೊಪ್ಪಿ ತೆಗೆದು ನಿಂತರು. ಯಾರೂ ಹಾರನ್ ಹೊಡೆಯಲಿಲ್ಲ.

ಕಿಟಕಿಯಾಚೆ ಕೂತಿದ್ದ ಗುಮಾಸ್ತೆ ಬಾಗಿಲು ಹಾಕುವ ಆತುರದಲ್ಲಿದ್ದಳು. ಕಪ್ಪು ಮುಸುಕಿನ ಹೆಂಗಸನ್ನು ನೋಡಿ ಕನ್ನಡಕ ಸರಿಮಾಡಿಕೊಂಡಳು. ಹಾಳೆಗಳನ್ನು ತಿರುವಿದಳು. ಸಹಿ ಇತ್ತು, ಪ್ರತಿ ಕಳಿಸಿದ್ದಕ್ಕೆ ಪ್ರಮಾಣವೂ ಇತ್ತು.

"ಮೂಲ ಕಾಗದ ವಾಪಸ್ ಯಾರಿಗೆ ಕಳಿಸ್ಬೇಕು? ಇಲ್ಲಿ ಅನ್ಸೆಲ್ಮೊ ಬರ್ರಗಾನ್ ಅಂತಿದೆ. ಅವ್ರೇ ಬರ್ಲಿಲ್ವಾ?"

"ಬಂದಿದಾರೆ," ಎಂದಳು ಒಫೇಲ್ಯಾ. "ಹೊರಗೆ ಗಾಡೀಲಿದಾರೆ."

ಗುಮಾಸ್ತೆ ತಲೆಯೆತ್ತಿ ಗಾಜಿನಾಚೆ ನೋಡಿದಳು. ಎದ್ದು ನಿಂತು ಮುದ್ರೆ ಒತ್ತಿದಳು.

*

ಸ್ಮಶಾನದಲ್ಲಿ ರುತಿಲಿಯೊ ತನ್ನ ಕಾರಿನ ಬಾಗಿಲಿಗೆ ಒರಗಿ ದೂರವೇ ನಿಂತಿದ್ದ. ಒಫೇಲ್ಯಾ ಎಲ್ಲರ ನಡುವಿಂದ ನೇರವಾಗಿ ಅವನ ಬಳಿಗೆ ನಡೆದಳು.

"ಕೊಂಪಾದ್ರೆ, ನಿಮ್ಮ ಮದುವೆ ಹಾಲಿನ ಮೇಲೆ ಭಾರ ಹಾಕಿಸಿ ಬಂದೆ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ನಾನೇ ಹೇಳ್ತಿದೀನಿ."

"ನೋಡಿದೆ, ಕೊಮಾದ್ರೆ. ಊರೇ ನೋಡ್ತು." ಅವನ ಮುಖ ಕೆಂಪಾಗಿತ್ತು. "ಇವತ್ತೇ ಆಗ್ಬೇಕಿತ್ತಾ? ಅವನಿದ್ದಿದ್ರೆ ನಂಗೆ ಹೀಗೆ ಮಾಡ್ತಿದ್ನಾ?"

"ಸಹಿ ಅವರದ್ದೇ. ಆಸ್ಪತ್ರೇಲಿ ಹಾಕಿದ್ದು. ನೀವು ಬರ್ತೀರ ಅಂತ ದಿನಾ ಬಾಗಿಲು ನೋಡ್ತಿದ್ರು."

ರುತಿಲಿಯೊನ ಕರವಸ್ತ್ರ ಕೈಯಲ್ಲೇ ಮುದುಡಿತು.

"ಹೆದರಿಕೆ ಆಯ್ತು," ಎಂದ. "ದುಡ್ಡಿರ್ಲಿಲ್ಲ. ಬರಿಗೈಲಿ ಹೇಗೆ ಬರ್ಲಿ ಅನ್ನಿಸ್ತು."

"ಬರಿಗೈಲೇ ಬರ್ಬೇಕಿತ್ತು," ಎಂದಳು ಒಫೇಲ್ಯಾ. "ಬನ್ನಿ. ನೀವಿಲ್ದೆ ಅವರನ್ನ ಇಳಿಸೋಕಾಗಲ್ಲ."

ಇಳಿಸಿದರು. ಮಣ್ಣು ಮುಚ್ಚಲು ಚೂಯ್ ಮತ್ತು ಜೊತೆಯವರು ತಮ್ಮದೇ ಸಲಿಕೆಗಳನ್ನು ತಂದಿದ್ದರು. ರುತಿಲಿಯೊ ಕೋಟು ಬಿಚ್ಚಿ ಹುಲ್ಲಿನ ಮೇಲೆ ಎಸೆದು, ಪಕ್ಕದವನ ಕೈಯಿಂದ ಸಲಿಕೆ ತೆಗೆದುಕೊಂಡ. ಎರಡು ಸಲ ಎತ್ತಿ ಹಾಕಿ ಕೊಡುತ್ತಾನೆ ಎಂದುಕೊಂಡರು ಎಲ್ಲರೂ. ಕೊಡಲಿಲ್ಲ. ಬಿಳಿ ಶರ್ಟು ಬೆನ್ನಿಗಂಟಿತು. ಉಸಿರು ಸಿಳ್ಳೆ ಹಾಕತೊಡಗಿತು. ಯಾರೋ "ಸಾಕು, ದೋನ್ ರುತಿಲಿಯೊ" ಎಂದರು. ಅವನಿಗೆ ಕೇಳಿಸಲಿಲ್ಲ. ನೆಂಟರಲ್ಲಿ ಅರ್ಧ ಜನ ಊಟಕ್ಕೆ ಹೊರಟುಹೋದರು. ಒಫೇಲ್ಯಾ ನಿಂತೇ ಇದ್ದಳು.

ಗುಂಡಿ ನೆಲದ ಮಟ್ಟಕ್ಕೆ ಬಂದಾಗ ಅವನು ಸಲಿಕೆಗೆ ಒರಗಿ ನಿಂತ. ಅಂಗೈ ಸುಲಿದು ರಕ್ತ ಜಿನುಗುತ್ತಿತ್ತು. ಚೂಯ್ ಟ್ರಕ್ಕಿನಿಂದ ನೀರಿನ ಕ್ಯಾನು ತಂದ. ಅದರ ಮುಚ್ಚಳದ ತುಂಬ ನೀರು ಬಗ್ಗಿಸಿ, ತನ್ನ ಜೊತೆಯವರನ್ನು ದಾಟಿ ಹೋಗಿ, ಮೊದಲು ರುತಿಲಿಯೊನ ಕೈಗೆ ಕೊಟ್ಟ.