ಅಕ್ಕಿಕಾಳಿನಷ್ಟು ಸರಿದ ಸ್ವಿಚ್ಚು

ತಾನೇ ಕಟ್ಟಿ ಮಾರಿದ ಆಂಪ್ಲಿಫೈಯರ್‌ನ ತಳದ ತಗಡು ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ ಮಾನ್‌ಹೊ ತಕ್ಷಣ ಅದನ್ನು ಆರಿಸಿಬಿಟ್ಟ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಯಾರಾದರೂ ನೋಡಿಬಿಟ್ಟಾರು ಎಂಬಂತೆ ಬಾಗಿಲ ಕಡೆ ತಿರುಗಿದ.

ಆಂಪ್ಲಿಫೈಯರ್‌ನ ಒಳಗೆ, ಮುಂದಿನ ದಪ್ಪ ಅಲ್ಯೂಮಿನಿಯಂ ಫಲಕದ ಬೆನ್ನಿಗೆ, ರೇಡಿಯೊ, ಟೇಪು ಎಂದು ಆರಿಸಲು ತಿರುಗಿಸುವ ಸ್ವಿಚ್ಚು ಓರೆಯಾಗಿ ನಿಂತಿತ್ತು. ನಾಬ್ ಜೊತೆ ಅದೂ ತಿರುಗಿ ತಿರುಗಿ ರೇಡಿಯೊದ ವೈರು ಕಿತ್ತುಬಂದಿತ್ತು. ಹಾಗಾದರೆ ತಾಕ್ ಮೇಷ್ಟ್ರು ಹೇಳಿದ್ದು ನಿಜ.

ತಾಕ್‌ಗೆ ಹುಟ್ಟಿನಿಂದ ಕಣ್ಣಿಲ್ಲ. ಮೂವತ್ತು ವರ್ಷದಿಂದ ಸಿಯೋಲ್‌ನ ಉಲ್ಜಿರೊ ಬೀದಿಯ ಅರ್ಧ ಜನರ ಬೆನ್ನು ಸೊಂಟ ಒತ್ತಿ ಮೇಷ್ಟ್ರು ಎನಿಸಿಕೊಂಡವರು. ತಿಂಗಳ ಹಿಂದೆ ಅವರೇ ಈ ಪೆಟ್ಟಿಗೆಯನ್ನು ಹೊತ್ತು ಮೂರು ಮಹಡಿ ಹತ್ತಿ ಬಂದು, "ರೇಡಿಯೊದ ಮನೆ ಇದ್ದ ಕಡೆ ಇಲ್ಲ ಯಜಮಾನ್ರೇ. ನಾಬ್‌ನ ಗೀರು ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಸರಿದಿದೆ," ಎಂದಿದ್ದರು. ಮಾನ್‌ಹೊ ಬಿಚ್ಚಿ ನೋಡಲಿಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದರು. "ಸ್ವಿಚ್ಚಿಗೇನು ಕಾಲಿದೆಯಾ ಮೇಷ್ಟ್ರೇ? ವಯಸ್ಸಾಯ್ತಲ್ಲ, ನಿಮ್ಮ ಬೆರಳೇ ಸರಿದಿರಬೇಕು!" ಎಂದ. ಎಲ್ಲರೂ ನಕ್ಕರು. ತಾಕ್ ಕೂಡ ನಕ್ಕು, ಪೆಟ್ಟಿಗೆ ಎತ್ತಿಕೊಂಡು ಗೋಡೆ ತಡವುತ್ತ ಇಳಿದುಹೋದರು. ಈ ಸಲ ಅವರು ಬಂದಿರಲಿಲ್ಲ. ಪೆಟ್ಟಿಗೆ ಮಾತ್ರ ಬೈಕಿನ ಹುಡುಗನ ಕೈಲಿ ಬಂದಿತ್ತು.

ಮಾನ್‌ಹೊ ಫಲಕವನ್ನೂ ಸ್ವಿಚ್ಚನ್ನೂ ಬಿಚ್ಚಿಕೊಂಡು ಕೆಳಗಿನ ಓಣಿಗೆ ಹೋದ. ಲೋಹ ಕೊರೆಯುವ ಮಿಲ್ಲಿಂಗ್ ಯಂತ್ರದ ಮುಂದೆ ಕ್ವಾಕ್ ಕಾಗದದ ಲೋಟದಲ್ಲಿ ಕಾಫಿ ಹೀರುತ್ತಿದ್ದ.

"ಏನೋ, ಮುಖ ಹುಳಿಹತ್ತಿದ ಹಳೇ ಕಿಮ್ಚಿ ಆಗಿದೆ?" ಎಂದವನು ಸ್ವಿಚ್ಚನ್ನು ಕೈಗೆ ತಗೊಂಡು ಹುಬ್ಬು ಗಂಟಿಕ್ಕಿದ. "ಇದರ ನಾಲಿಗೆ ಎಲ್ಲೋ?"

ಸ್ವಿಚ್ಚಿನ ಕತ್ತಿನ ಪಕ್ಕ ಒಂದು ಪುಟ್ಟ ತಗಡಿನ ನಾಲಿಗೆ ಇರುತ್ತದೆ. ಫಲಕದ ಬೆನ್ನಿನ ಸಣ್ಣ ಕುಳಿಯಲ್ಲಿ ಅದು ಕೂತರೆ ಸ್ವಿಚ್ಚು ಅಲುಗುವುದಿಲ್ಲ. ಈ ಫಲಕದಲ್ಲಿ ಆ ಕುಳಿಯೇ ಇರಲಿಲ್ಲ.

"ಮುರಿದೆ ಅಣ್ಣಾ. ಇಕ್ಕಳದಲ್ಲಿ."

"ನಾಳೆ ಬಾ, ಕುಳಿ ಹೊಡೆದುಕೊಡ್ತೀನಿ, ಹಿಂದಿನಿಂದ ಇನ್ನೂ ಕೊರೆದು ತೆಳ್ಳಗೆ ಮಾಡ್ತೀನಿ ಅಂತ ಆವತ್ತೇ ಬಡ್ಕೊಂಡೆ. ಇಷ್ಟು ದಪ್ಪಕ್ಕೆ ನಟ್ಟು ಎರಡು ಸುತ್ತೂ ಹಿಡಿಯಲ್ಲ ಅಂದೆ. ಅಂದ್ನೋ ಇಲ್ವೋ?"

"ಛುಸೊಕ್ ಹಬ್ಬ ಹತ್ತಿರ ಬಂದಿತ್ತು..."

"ಹಬ್ಬದ ತಲೆಗೆ ಕಟ್ಟಬೇಡ."

ದಪ್ಪ ಫಲಕ ಮಾನ್‌ಹೊನ ಜಂಬ. ಗಿರಾಕಿಗಳು ಬೆರಳಿನಿಂದ ಕುಟ್ಟಿ ನೋಡಿ ತಲೆದೂಗುತ್ತಿದ್ದರು. ತಾಕ್ ಕೂಡ ಕುಟ್ಟಿ, "ಇದು ನನಗಿಂತ ಹೆಚ್ಚು ದಿನ ಬಾಳುತ್ತೆ," ಎಂದಿದ್ದರು.

ಕ್ವಾಕ್ ಫಲಕವನ್ನು ಯಂತ್ರಕ್ಕೆ ಬಿಗಿದು ಕೊರೆಯತೊಡಗಿದ. ಬಿಳಿ ಸಿಪ್ಪೆ ಸುರುಳಿಯಾಗಿ ಉದುರಿತು. "ಯಾರದ್ದು, ತಾಕ್ ಮೇಷ್ಟ್ರದ್ದಾ? ಹೊಸ ಸ್ವಿಚ್ಚು ಹಾಕಿ ಸುಮ್ಮನೆ ಕಳಿಸಿಬಿಡು. ಕಾಣದವರಿಗೆ ಹೇಳೋರ್ಯಾರು!"

ಮೆಟ್ಟಿಲಿಳಿಯುವಾಗ ಮಾನ್‌ಹೊನಿಗೂ ಇದೇ ಹೊಳೆದಿತ್ತು. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ಕಿವಿ ಕಾದವು.

"ಮೇಷ್ಟ್ರ ಕೈಯೂ ಮೊದಲಿನ ಹಾಗಿಲ್ಲ ಬಿಡು," ಕ್ವಾಕ್ ಮುಂದುವರಿಸಿದ. "ಹೋದ ವಾರ ಸೊಂಟ ಒತ್ತಿಸ್ಕೊಳ್ಳೋಕೆ ಹೋಗಿದ್ದೆ. 'ಇಲ್ಲೇನಾ, ಜಾಗ ಸರಿ ಇದೆಯಾ' ಅಂತ ಕೇಳ್ತಾನೇ ಇದ್ರು. ಹಿಂದೆಲ್ಲ ಬಾಯೇ ಬಿಡ್ತಿರಲಿಲ್ಲ. ವರ್ಷದ ಕೊನೆಗೆ ಅಂಗಡಿ ಮುಚ್ತಾರಂತೆ."

ಮಾನ್‌ಹೊ ಕಾಲ ಬಳಿ ಬಿದ್ದ ಸಿಪ್ಪೆಯನ್ನೇ ನೋಡುತ್ತ ನಿಂತ.

ಹೊಸ ಸ್ವಿಚ್ಚಿನ ನಾಲಿಗೆ ಕುಳಿಯಲ್ಲಿ ಟಕ್ಕೆಂದು ಕೂತಿತು. ಮರುದಿನ ಮಾನ್‌ಹೊ ಪೆಟ್ಟಿಗೆಯನ್ನು ತಾನೇ ಹೊತ್ತು ತಾಕ್ ಅವರ ಅಂಗಡಿಗೆ ತಂದ. ತಾಕ್ ನಾಬ್‌ನ ಗೀರಿನ ಮೇಲೆ ಬೆರಳಿಟ್ಟು ಒಂದೊಂದೇ ಮನೆ ತಿರುಗಿಸಿದರು. ರೇಡಿಯೊ ಹವಾಮಾನ ಹೇಳತೊಡಗಿತು.

"ಸರಿ ಇರೋ ಹಾಗಿದೆ. ನೀವೇ ನೋಡಿ ಹೇಳಿ ಯಜಮಾನ್ರೇ, ನನ್ನ ಬೆರಳು ನಂಬಬೇಡಿ," ಎಂದು ನಕ್ಕರು. "ಹೊತ್ತು ತಂದಿದ್ದೀರಿ, ಭುಜ ಹಿಡಿದಿರುತ್ತೆ. ಮಲಗಿ."

ಮಾನ್‌ಹೊ ಮುಖಕ್ಕೆಂದೇ ಕೊರೆದ ಮಂಚದ ತೂತಿಗೆ ಮುಖವಿಟ್ಟು ಬೋರಲು ಮಲಗಿದ. ನೆಲವೂ ತಾಕ್ ಅವರ ಕಂದು ಚಪ್ಪಲಿಗಳೂ ಮಾತ್ರ ಕಾಣುತ್ತಿದ್ದವು. ಕೈ ಹೆಗಲ ಮೇಲೆ ಬಂದು ಅಲ್ಲಿ ಇಲ್ಲಿ ಹುಡುಕಿತು.

"ಇಲ್ಲೇನಾ?"

"ಹ್ಞೂಂ."

"ಜಾಗ ಸರಿ ಇದೆಯಾ? ಇನ್ನೂ ಕೆಳಗಾ?"

ಮಾನ್‌ಹೊನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಮೇಷ್ಟ್ರೇ," ಎಂದು ನೆಲಕ್ಕೆ ಹೇಳಿದ, "ನಿಮ್ಮ ಬೆರಳು ಸರಿದಿರಲಿಲ್ಲ. ಸ್ವಿಚ್ಚೇ ಸರಿದಿತ್ತು. ಅದನ್ನ ಹಿಡಿದಿಡೋ ನಾಲಿಗೇನ ಆತುರಕ್ಕೆ ನಾನೇ ಮುರಿದಿದ್ದೆ. ಅಷ್ಟು ಜನರ ಮುಂದೆ ನಿಮ್ಮನ್ನ ಅಂದೆ."

ಕೈ ಮೇಲೆದ್ದಿತು. ಚಪ್ಪಲಿಗಳು ಕದಲಲಿಲ್ಲ. ನಾಳೆ ಪಶ್ಚಿಮ ಕರಾವಳಿಯಲ್ಲಿ ಮಂಜು ಎಂದಿತು ರೇಡಿಯೊ.

"ಅಷ್ಟು ಜನಾನ ಈಗ ಎಲ್ಲಿಂದ ಹುಡುಕಿ ತರ್ತೀರಿ?" ತಾಕ್ ಮೆಲ್ಲಗೆ ಕೇಳಿದರು.

ಮಾನ್‌ಹೊ ಮುಖವನ್ನು ತೂತಿನೊಳಗೆ ಇನ್ನಷ್ಟು ಒತ್ತಿದ.

ಚಪ್ಪಲಿಗಳು ಮಂಚ ಸುತ್ತಿ ಇನ್ನೊಂದು ಪಕ್ಕಕ್ಕೆ ಬಂದವು. ಹೆಬ್ಬೆರಳು ಏನನ್ನೂ ಕೇಳದೆ, ಹೆಗಲ ಮೂಳೆಯ ಕೆಳಗಿನ ಗಂಟಿನ ಮೇಲೆ ನೇರವಾಗಿ ಇಳಿಯಿತು.